ಬಾಗೇವಾಡಿಯಿಂದ ಲ್ಯಾಪ್‌ಲ್ಯಾಂಡಿನ ತನಕ ಅಕ್ಕ

ಎರಡೇ ಅಕ್ಷರದ ಮಾತು: ಅಕ್ಕ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿಯವರು 4.37 ಕೋಟಿ, ತಮಿಳರು 6.90 ಕೋಟಿ, ತೆಲುಗರು 8.11 ಕೋಟಿ. ಕೂಡಿಸಿದರೆ 19 ಕೋಟಿ ದಾಟುತ್ತದೆ. ಈ ಮೂರೂ ಭಾಷೆಗಳಲ್ಲಿ ಬೆನ್ನ ಹಿಂದೆ ತಮ್ಮ ತಂಗಿಯರಿರುವ ಹೆಣ್ಣುಮಗಳಿಗೆ ಇದೇ ಹೆಸರು. ವಿಜಯಪುರ ಜಿಲ್ಲೆಯ ಇಂಡಿಯಿಂದ ಬಡಗಣ ಗಡಿ ದಾಟಿ ಸೊಲ್ಲಾಪುರದ ಕಡೆ ಹೊರಳಿದರೆ ಮರಾಠಿಯಲ್ಲೂ ಅಕ್ಕಾ ಇದ್ದಾಳೆ. ಆದರೆ ಅಲ್ಲಿ ಅಕ್ಕನನ್ನು ಕರೆಯುವ ಇನ್ನೊಂದು ಮಾತು ‘ತಾಯೀ’. ಗಡಿಯ ಈಚೆಗಿನವನ ಕಿವಿಗೆ ಅದು ಅವ್ವ.

ಕೋಟಿಗಳಿಗಿಂತ ಹೆಚ್ಚಾಗಿ ನನ್ನನ್ನು ಬೆರಗಾಗಿಸುವುದು, ವಿಜಯಪುರ ಜಿಲ್ಲೆಯೊಳಗೇ ಈ ಮಾತು ಹೊತ್ತಿರುವ ಹೆಣ್ಣುಮಕ್ಕಳು. ಮುದ್ದೇಬಿಹಾಳದ ಸಾಲಿ ಹುಡುಗರಿಗೆ ಪಾಠ ಹೇಳುವ ಶಿಕ್ಷಕಿ ‘ಅಕ್ಕೋರು’. ಸಿಂದಗಿ ಸಂತೆಯಲ್ಲಿ ಬದನಿಕಾಯಿ ಹರವಿಕೊಂಡು ಕೂತಾಕಿ, ಮುಖ ನೋಡಿಯೂ ಗೊತ್ತಿಲ್ಲದವಳನ್ನು “ಯಕ್ಕಾ, ಇಲ್ಲಿ ಬಾ, ಎಷ್ಟ ಹಾಕ್ಲಿ?” ಎಂದು ತಡೆದು ನಿಲ್ಲಿಸುತ್ತಾಳೆ. ಸೋದರಮಾವನಿಗೇ ಹೆಣ್ಣು ಕೊಡುವ ಮನೆತನಗಳಲ್ಲಿ ಅಕ್ಕನ ಮಗಳನ್ನು ಕಟ್ಟಿಕೊಂಡವನಿಗೆ ಅಕ್ಕನೇ ಅತ್ತಿ. ಅಕ್ಕಿಕಾಳು ಬಿದ್ದ ಮಾರನೇ ದಿನವೂ ಅವನ ಬಾಯಲ್ಲಿ ಬರುವುದು ಅಕ್ಕಾ ಅಂತಲೇ. ಹಿಂದೆ ಎರಡನೆಯವಳಾಗಿ ಬಂದ ಹೆಂಡತಿ ಮೊದಲನೆಯವಳನ್ನೂ ಅಕ್ಕ ಎಂದು ಕರೆಯಬೇಕಾಗಿತ್ತು. ಹಾಗೆ ಕರೆಯುವ ಮುಂಚೆ ಆಕೆ ಎಷ್ಟು ನುಂಗಿಕೊಂಡಳೋ.

ಇನ್ನು ಬಸವನ ಬಾಗೇವಾಡಿ. 12ನೇ ಶತಮಾನದ ಬಸವಣ್ಣನ ಒಡಹುಟ್ಟಿದವಳು ಅಕ್ಕನಾಗಮ್ಮ. ಕಲ್ಯಾಣದ ಕ್ರಾಂತಿ ನೆತ್ತರಲ್ಲಿ ಮುಗಿದ ಮೇಲೆ ಮಗ ಚನ್ನಬಸವಣ್ಣ ಮತ್ತು ಶರಣರ ಜೊತೆ ಆಕೆ ಉಳವಿಯ ಕಾಡಿನ ದಾರಿ ಹಿಡಿದಳೆಂದು ಪರಂಪರೆ ಹೇಳುತ್ತದೆ. ಅದೇ ಕಲ್ಯಾಣಕ್ಕೆ ಉಡುತಡಿಯಿಂದ ಬಂದ ಹರೆಯದ ಮಹಾದೇವಿಯನ್ನು ತಲೆ ನರೆತ ಶರಣರೂ ಅಕ್ಕ ಎಂದರು. ಹುಟ್ಟಿದ ವರ್ಷದ ಲೆಕ್ಕವನ್ನೇ ಬಿಟ್ಟು ಅರಿವಿನ ಹಿರಿತನಕ್ಕೆ ಈ ಮಾತನ್ನು ಕೊಟ್ಟ ಸಮಾಜ ಎಂಥದ್ದಿರಬೇಕು!

ಸಂಸ್ಕೃತದಲ್ಲಿ ‘ಅಕ್ಕಾ’ ಅಂದರೆ ತಾಯಿ. ಕರೆಯುವಾಗ ಕೊನೆಯ ದೀರ್ಘ ಹ್ರಸ್ವವಾಗುತ್ತದೆ ಎನ್ನುವ ಪಾಣಿನಿಯ ಸೂತ್ರಕ್ಕೆ (7.3.107) ಕಾಶಿಕಾವೃತ್ತಿ ಕೊಡುವ ಉದಾಹರಣೆಗಳಲ್ಲಿ ‘ಹೇ ಅಕ್ಕ’ ಇದೆ. ನಾವು ಕರೆಯುವಾಗ ಹ್ರಸ್ವವನ್ನು ಎಳೆದು ದೀರ್ಘ ಮಾಡುತ್ತೇವೆ, ಅವರು ದೀರ್ಘವನ್ನು ಮೊಟಕು ಮಾಡುತ್ತಾರೆ. ಇದು ದ್ರಾವಿಡದಿಂದ ಸಂಸ್ಕೃತಕ್ಕೆ ಹೋದ ಮಾತೆಂದು ಭಾಷಾವಿದ್ವಾಂಸ ಕಾಲ್ಡ್‌ವೆಲ್ 1856ರಲ್ಲೇ ಪಟ್ಟಿ ಮಾಡಿದ್ದರು.

ದೇಶದಾಚೆಗೂ ಈ ಮಾತು ಕಿವಿಗೆ ಬೀಳುತ್ತದೆ. ಉಜ್ಬೆಕ್ ಭಾಷೆಯಲ್ಲಿ ‘ಅಕಾ’ ಅಣ್ಣ. ಫಿನ್ನಿಷ್ ಭಾಷೆಯಲ್ಲಿ ‘ಅಕ್ಕ’ ಮುದುಕಿ, ಅದೂ ತುಸು ಹಗುರವಾಗಿ ಆಡುವ ಮಾತು. ಆದರೆ ಅವರ ನೆರೆಯ ಸಾಮಿ ಜನರಲ್ಲಿ ಇದೇ ಮಾತು ಗುಡಿ ಏರಿದೆ: ತಾಯಿ ದೇವತೆ ಮಾತ್ತರ್‌ಆಹ್ಕಾ, ಆಕೆಯ ಮೂವರು ಹೆಣ್ಣುಮಕ್ಕಳು ಸಾರ್‌ಆಹ್ಕಾ, ಯುಕ್ಸ್‌ಆಹ್ಕಾ, ಉಕ್ಸ್‌ಆಹ್ಕಾ. ಒಬ್ಬಳು ಬಾಣಂತಿಯರನ್ನು ಕಾಯುವವಳು, ಒಬ್ಬಳು ಬಿಲ್ಲು ಹಿಡಿದವಳು, ಒಬ್ಬಳು ಬಾಗಿಲು ಕಾಯುವವಳು. ಸ್ವೀಡನ್ನಿನ ಉತ್ತರದಲ್ಲಿ, ಲ್ಯಾಪ್‌ಲ್ಯಾಂಡಿನ ರಾಣಿ ಎನಿಸಿಕೊಂಡ 2015 ಮೀಟರ್ ಎತ್ತರದ ಹಿಮಪರ್ವತದ ಹೆಸರು ಅಕ್ಕ.

ಇಷ್ಟು ದೂರ ಒಂದೇ ಮಾತು ಹೇಗೆ ಸಿಗುತ್ತದೆ? ಬಂಧುವಾಚಕಗಳ ವಿಷಯದಲ್ಲಿ ಭಾಷಾವಿಜ್ಞಾನಿ ರೋಮನ್ ಯಾಕಬ್ಸನ್ 1960ರಲ್ಲಿ ಕೂಸಿನ ತೊದಲಿನತ್ತ ಬೆರಳು ತೋರಿಸಿದರು: ಅವ್ವ ಅಪ್ಪಂದಿರನ್ನು ಕರೆಯುವ ಮಾತುಗಳು ಎಲ್ಲೆಡೆ ಒಂದನ್ನೊಂದು ಹೋಲುವುದು ಅದರಿಂದಲೇ. ಉಳಿದದ್ದನ್ನು ಬರೀ ಗಣಿತವೇ ಹೇಳುತ್ತದೆ. ಐದು ಸ್ವರ, ಹದಿನೈದು ವ್ಯಂಜನ ಇಟ್ಟುಕೊಂಡು ‘ಅಕ್ಕ’ದ ಅಚ್ಚಿನಲ್ಲಿ ಎಷ್ಟು ಮಾತು ತೆಗೆಯಬಹುದು? 5 × 15 × 5, ಅಂದರೆ 375. ಜಗತ್ತಿನ ಭಾಷೆಗಳೋ ಸುಮಾರು 7000. ಒಂದೊಂದು ಭಾಷೆ ಈ ಅಚ್ಚಿನಲ್ಲಿ ಒಂದೇ ಮಾತು ಇಟ್ಟುಕೊಂಡರೂ ಪ್ರತಿಯೊಂದು ಮಾತಿಗೆ ಸರಾಸರಿ ಸುಮಾರು 19 ಭಾಷೆಗಳು ಬಂದು ಬೀಳುತ್ತವೆ.

ಹಾಗಾಗಿ ಜಪಾನಿ ಭಾಷೆಯಲ್ಲಿ ‘ಅಕ್ಕ’ ಅಂದರೆ ಹದಗೆಡುವುದು; ಬೇರೆ ಲಿಪಿಚಿಹ್ನೆಯಲ್ಲಿ ಬರೆದರೆ ಕೀಳು ಲೋಹ ಬೆರೆತ ಕೆಟ್ಟ ನಾಣ್ಯ. 1799ರಲ್ಲಿ ನೆಪೋಲಿಯನ್ ಎರಡು ತಿಂಗಳು ಮುತ್ತಿಗೆ ಹಾಕಿಯೂ ಗೆಲ್ಲಲಾಗದೆ ಹಿಂದಿರುಗಿದ ಮೆಡಿಟರೇನಿಯನ್ ದಂಡೆಯ ಕೋಟೆಯೂರಿಗೆ ಅರಬ್ಬಿ ಹೆಸರು ಅಕ್ಕಾ.