ಬ್ಲಫ್ ದಾರಿಯಲ್ಲಿ 'ಬ್ಲಫ್' ಹೊಡೆಯುವ ಇಂಡಿಕೇಟರ್!

ಬ್ಲಫ್ ಎಂಬ ಇಂಗ್ಲಿಷ್ ಮಾತಿಗೆ ಕಡಿದಾದ ದಿಬ್ಬ ಎಂಬ ಅರ್ಥವೂ ಉಂಟು, ಸುಳ್ಳು ಹೇಳಿ ಯಾಮಾರಿಸುವುದು ಎಂಬ ಅರ್ಥವೂ ಉಂಟು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದ ಬ್ಲಫ್‌ಗೆ ಮೊದಲನೆಯ ಅರ್ಥವೇನೋ ಸರಿಯಾಗಿ ಸಲ್ಲುತ್ತದೆ. ಆದರೆ ಅಲ್ಲಿಗೆ ಹೋಗುವ ದಾರಿಯಲ್ಲಿ ಎರಡನೆಯ ಅರ್ಥಕ್ಕೂ ಉದಾಹರಣೆ ಕಾಣಸಿಗುತ್ತದೆ. ಅದೇ, ತಿರುವು ಮುಗಿದು ಎರಡು ಮೈಲಿ ಕಳೆದರೂ ಮಿಣಮಿಣ ಎನ್ನುತ್ತಲೇ ಹೋಗುವ ಹಳೇ ಕಾರಿನ ಇಂಡಿಕೇಟರ್!

ಕಾವೇರಿ ತುಂಬಿದಾಗ ಗಗನಚುಕ್ಕಿ ನೋಡಲು ಜನ ಮುಗಿಬೀಳುತ್ತಾರೆ. ಮದ್ದೂರು, ಮಳವಳ್ಳಿ ಕಡೆಯಿಂದ ಬರುವ ವಾಹನಗಳ ಸಾಲಿನಲ್ಲಿ ಒಂದೊಂದು ಅಂಬಾಸಿಡರ್, ಪದ್ಮಿನಿ ಕಂಡರೆ ಯಾರಿಗಾದರೂ ಸಂತೋಷವೇ. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿತು, ಪದ್ಮಿನಿ ಅದಕ್ಕೂ ಮುಂಚೆ. ಇದ್ದವರು ಮಕ್ಕಳಂತೆ ಸಾಕಿಕೊಂಡಿದ್ದಾರೆ. ತಪ್ಪೇನಿಲ್ಲ. ಆದರೆ ಹಿಂದೆ ಬರುವ ಬೈಕಿನವನ ಗತಿ?

ಬಲಗಡೆ ದೀಪ ಮಿಣುಕುತ್ತಿದ್ದರೆ ಕಾರು ಬಲಕ್ಕೆ ಹೊರಳುತ್ತದೆಂದು ಒಬ್ಬ ತಿಳಿಯುತ್ತಾನೆ. 'ಮುಂದಕ್ಕೆ ಹೋಗು' ಎಂದು ಸನ್ನೆ ಮಾಡಿದರು ಎಂದು ಇನ್ನೊಬ್ಬ ತಿಳಿಯುತ್ತಾನೆ. ಕಾರಿನವರಿಗೆ ಎರಡೂ ಮನಸ್ಸಿನಲ್ಲಿಲ್ಲ! ಕಬ್ಬಿನ ಗಾಡಿ, ಟ್ರ್ಯಾಕ್ಟರು, ಬಸ್ಸು ಎಲ್ಲ ಓಡಾಡುವ ರಸ್ತೆಯಲ್ಲಿ ಈ ಗೊಂದಲ ಪ್ರಾಣಕ್ಕೇ ಬಂದೀತು. 'ಏನ್ ಸ್ವಾಮಿ, ಇಂಡಿಕೇಟ್ರು ಹಂಗೇ ಹೊಡ್ಕತಾ ಅದೆ, ಆಫ್ ಮಾಡಿ' ಎಂದು ಕೂಗಿ ಹೇಳುವ ಪುಣ್ಯಾತ್ಮರು ಎಲ್ಲ ಕಡೆಯೂ ಸಿಗುವುದಿಲ್ಲ.

ಮರೆವು ಯಾಕೆ?

ತಪ್ಪೆಲ್ಲ ಚಾಲಕರದೇ ಅಲ್ಲ. ಸ್ಟೇರಿಂಗ್ ನೇರ ಆದಾಗ ಇಂಡಿಕೇಟರ್ ತಾನಾಗಿ ಆಫ್ ಆಗುವ ಏರ್ಪಾಡು ಇದ್ದರೂ ಹಳೇ ಕಾರಿನಲ್ಲಿ ಅದು ಸವೆದು ಹೋಗಿರುತ್ತದೆ. ಚಿಕ್ಕ ತಿರುವಿನಲ್ಲಿ ಸ್ಟೇರಿಂಗ್ ಸಾಕಷ್ಟು ತಿರುಗದಿದ್ದರೆ ಹೊಸ ಕಾರಿನಲ್ಲೂ ಅದು ಕೆಲಸ ಮಾಡದು. ಡ್ಯಾಶ್‌ಬೋರ್ಡಿನ ಪುಟ್ಟ ದೀಪ ಬಿಸಿಲಿಗೆ ಕಾಣುವುದಿಲ್ಲ. ಫ್ಲಾಷರ್ ಒಳಗಿನ ತಂತಿ ಕಾದು, ತಣಿದು 'ಟಿಕ್ ಟಿಕ್' ಎನ್ನುವುದು ನಿಜ. ಆದರೆ ಕಿಟಕಿ ಗಾಜು ಇಳಿಸಿ, ಇಂಜಿನ್ ಗದ್ದಲದಲ್ಲಿ ಹೋಗುವಾಗ ಅದು ಯಾರ ಕಿವಿಗೆ ಬಿದ್ದೀತು?

ಅದಕ್ಕೂ ಹಿಂದಿನ ಮಾರಿಸ್ ಮೈನರ್‌ನಂಥ ಕಾರುಗಳಲ್ಲಿ ಬಾಗಿಲ ಪಕ್ಕದಿಂದ ಪುಟ್ಟ ಕೈಯೊಂದು ಹೊರಗೆ ಚಾಚುತ್ತಿತ್ತು. ಟ್ರಾಫಿಕೇಟರ್ ಎಂದು ಅದರ ಹೆಸರು. ಕತ್ತು ಹೊರಳಿಸಿದರೆ ಕೈ ಎದ್ದಿರುವುದು ಕಾಣುತ್ತಿತ್ತು. ಈಗಿನದಕ್ಕೆ ಕಣ್ಣು ಸಾಲದು, ಕಿವಿಯೂ ಬೇಕು.

ಎರಡು ತಂತಿಯ ಮದ್ದು

ಮದ್ದು ದುಬಾರಿಯಲ್ಲ. 12 ವೋಲ್ಟಿನ ಸಣ್ಣ ಬಜರ್ ಒಂದು ಸಾಕು. ಫ್ಲಾಷರ್‌ಗೆ ಮೂರು ತಂತಿ ಇದ್ದರೆ ಡ್ಯಾಶ್‌ಬೋರ್ಡ್ ದೀಪಕ್ಕೆ ಹೋಗುವ 'ಪಿ' ತುದಿಯಿಂದ ಒಂದು ತಂತಿ, ಬಾಡಿಗೆ ಇನ್ನೊಂದು ತಂತಿ. ದೀಪ ಮಿಣುಕಿದಾಗಲೆಲ್ಲ 'ಪೀಂ' ಎನ್ನುತ್ತದೆ.

ಎರಡೇ ತಂತಿಯ ಫ್ಲಾಷರ್ ಆದರೆ ಎಡದ ದೀಪದ ತಂತಿಯಿಂದ ಒಂದು, ಬಲದ ತಂತಿಯಿಂದ ಒಂದು ಎಳೆದು ಬಜರ್‌ಗೆ ಸೇರಿಸಬೇಕು. ಆದರೆ ನಡುವೆ ಒಂದೊಂದು ಡಯೋಡ್ ಹಾಕದೆ ಸೇರಿಸಬಾರದು. ಹಾಗೇ ಸೇರಿಸಿದರೆ ಎಡವೂ ಬಲವೂ ಒಟ್ಟಿಗೇ ಮಿಣುಕಿ, ಮೊದಲಿದ್ದ ಸುಳ್ಳಿಗೆ ಇನ್ನೊಂದು ಸುಳ್ಳು ಸೇರುತ್ತದೆ.

ತಂತಿಗೆ ಕೈ ಹಾಕುವ ಮುನ್ನ ಬ್ಯಾಟರಿ ನೋಡಬೇಕು. ಕೆಲವು ಹಳೇ ಬ್ರಿಟಿಷ್ ಕಾರುಗಳಲ್ಲಿ ಪ್ಲಸ್ ತುದಿಯೇ ಬಾಡಿಗೆ ಸೇರಿರುತ್ತದೆ. ಆಗ ಬಜರ್, ಡಯೋಡ್ ಎರಡನ್ನೂ ತಿರುಗಿಸಿ ಕಟ್ಟಬೇಕು. ಕೆಲವು ಕಾರುಗಳದು 6 ವೋಲ್ಟ್. ಅದಕ್ಕೆ ತಕ್ಕ ಬಜರ್ ಬೇಕು. ಬಾಡಿಗೆ ರಂಧ್ರ ಕೊರೆಯುವ ಗೋಜೇ ಇಲ್ಲ. ಡ್ಯಾಶ್‌ಬೋರ್ಡ್ ಕೆಳಗೆ ಅಂಟಿಸಿದರೆ ಕಾರಿನ ಹಳೇ ಚೆಂದಕ್ಕೂ ಊನ ಬಾರದು.

ಇನ್ನೊಂದು ಲಾಭವೂ ಉಂಟು. ಬಲ್ಬು ಸುಟ್ಟರೆ ಹಳೇ ಫ್ಲಾಷರ್‌ನ ಲಯ ಕೆಡುತ್ತದೆ. ಸದ್ದು ಕೇಳಿಯೇ ಅದು ಗೊತ್ತಾಗುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಇಂಡಿಕೇಟರ್ ನಿಮಿಷಕ್ಕೆ 60ಕ್ಕೆ ಕಡಿಮೆಯಿಲ್ಲದೆ, 120 ಮೀರದೆ ಮಿಣುಕಬೇಕು. ಗಡಿಯಾರ ಹಿಡಿದು 'ಪೀಂ' ಎಣಿಸಿದರೆ ಲೆಕ್ಕ ಸಿಕ್ಕಿತು.

ಆದರೆ ಒಂದು ಮಾತು. ಸದ್ದು ಕಾರಿನ ಒಳಗಿರಲಿ, ಊರಿಗೆಲ್ಲ ಬೇಡ. ಎಚ್ಚರಿಸುವ ಭರದಲ್ಲಿ ಕಿವಿ ಕಚ್ಚುವ ಬಜರ್ ಹಾಕಿದರೆ ಚಾಲಕನೇ ಬೇಸತ್ತು ಇಂಡಿಕೇಟರ್ ಹಾಕುವುದನ್ನೇ ಬಿಟ್ಟಾನು. ಆಗ ಮದ್ದೇ ರೋಗ.

1902ರಲ್ಲಿ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಯವರೆಗೂ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಕೊಟ್ಟಿತು. ಅಂಥ ಕರೆಂಟಿನ ತವರಿಗೆ ಬರುವ ಕಾರು ಎರಡು ತಂತಿಗೆ ಜಿಪುಣತನ ಮಾಡುವುದೇ? ಬಣ್ಣಕ್ಕೆ, ಪಾಲಿಷ್‌ಗೆ ಸಾವಿರಾರು ಸುರಿಯುವ ಮಾಲೀಕರು ಒಂದು ಊಟದ ದುಡ್ಡನ್ನು ಬಜರ್‌ಗೂ ತೆಗೆದಿಡಲಿ. ಸರ್ವೀಸಿಗೆ ಬಂದ ಹಳೇ ಕಾರಿನ ಇಂಡಿಕೇಟರನ್ನು ಮೆಕ್ಯಾನಿಕ್‌ಗಳೂ ಒಮ್ಮೆ ಹಾಕಿ, ಕೇಳಿ, ನೋಡಿ ಕಳಿಸಲಿ. ಹಿಂದೆ ಬರುವವನ ಮನೆಯಲ್ಲೂ ಹೆಂಡತಿ ಮಕ್ಕಳು ಕಾಯುತ್ತಿರುತ್ತಾರೆ.