ಹಲ್ಲು ಜಾರಿತು, ಹೆಡ್ ಇಳಿಯಿತು

ಟೈಮಿಂಗ್ ಬೆಲ್ಟ್ ಕೈಕೊಟ್ಟ ಕಾರು ಟೋ ಆಗಿ ಗ್ಯಾರೇಜಿಗೆ ಬಂದರೆ, ಪಳಗಿದ ಮೆಕ್ಯಾನಿಕ್ ಮೊದಲು ಕೀಲಿ ಕಿತ್ತು ಜೇಬಿಗಿಳಿಸುತ್ತಾನೆ. ‘ಇನ್ನೊಂದು ಸಲ ಸೆಲ್ಫ್ ಹೊಡೆದು ನೋಡೋಣ’ ಎಂಬ ಮಾಲೀಕರ ಆಸೆ ಅಷ್ಟರಲ್ಲಾಗಲೇ ಎರಡು ವಾಲ್ವ್‌ಗಳನ್ನು ಬಗ್ಗಿಸಿರುವುದೂ ಉಂಟು.

ಎಂಜಿನ್ನಿನ ಒಳಗೆ ನಡೆಯುವುದು ಲೆಕ್ಕದ ಆಟ. ಪಿಸ್ಟನ್ನುಗಳು ತಿರುಗಿಸುವ ಕೆಳಗಿನ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ, ವಾಲ್ವ್ ತೆರೆಯುವ ಮೇಲಿನ ಕ್ಯಾಮ್ ಒಂದೇ ಸುತ್ತು ತಿರುಗಬೇಕು. ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ ಒಂದೊಂದು ವಾಲ್ವ್ ಸೆಕೆಂಡಿಗೆ 25 ಬಾರಿ ಕೆಳಗಿಳಿದು, ಪಿಸ್ಟನ್ ಮೇಲೆ ಬರುವಷ್ಟರಲ್ಲಿ ಜಾಗ ಬಿಟ್ಟು ಸರಿಯುತ್ತದೆ. ಈ ಹೊಂದಾಣಿಕೆಯನ್ನು ಕಾಯುವುದು ಹಲ್ಲುಗಳುಳ್ಳ ಒಂದು ರಬ್ಬರ್ ಪಟ್ಟಿ. ಒಳಗೆ ಗಾಜಿನ ನಾರು, ಹಲ್ಲಿನ ಮೇಲೆ ನೈಲಾನ್ ಬಟ್ಟೆ. ಕ್ರ್ಯಾಂಕ್ ಚಕ್ರಕ್ಕೆ 20 ಹಲ್ಲಿದ್ದರೆ, ಒಂದು ಹಲ್ಲು ಜಾರಿದರೂ 18 ಡಿಗ್ರಿ ಲೆಕ್ಕ ತಪ್ಪಿದಂತೆ.

ಜರ್ಮನಿಯ ಗ್ಲಾಸ್ ಕಂಪನಿ 1962ರಲ್ಲಿ ತನ್ನ 1004 ಕಾರಿಗೆ ಇಂಥ ಬೆಲ್ಟ್ ಹಾಕುವವರೆಗೆ ಮಾರುಕಟ್ಟೆಯ ಕಾರುಗಳಲ್ಲಿ ಈ ಕೆಲಸ ಚೈನು, ಗೇರುಗಳದ್ದೇ ಆಗಿತ್ತು. ಬೆಲ್ಟ್ ಅಗ್ಗ, ಹಗುರ, ಸದ್ದೂ ಕಡಿಮೆ. ನಮ್ಮಲ್ಲಿ ಒಂದು ತಲೆಮಾರಿನ ಮೆಕ್ಯಾನಿಕ್‌ಗಳು ಟೈಮಿಂಗ್ ಕಲಿತದ್ದು ಮಾರುತಿ 800ರ ಮೂರು ಸಿಲಿಂಡರಿನ ಬೆಲ್ಟ್ ಎಂಜಿನ್ ಮೇಲೆ.

ಬೆಲ್ಟ್ ಪೂರ್ತಿ ಹರಿದರೆ ರೋಗ ತಿಳಿಯುವುದು ಸುಲಭ, ಎಂಜಿನ್ ಸತ್ತೇ ಹೋಗುತ್ತದೆ. ಜಾರಿದ್ದೇ ಕಪಟಿ. ಗಾಡಿ ಸ್ಟಾರ್ಟ್ ಆಗುತ್ತದೆ, ನಡುಗುತ್ತದೆ, ಏರಿನಲ್ಲಿ ಎಳೆಯುವುದಿಲ್ಲ. ಪ್ಲಗ್ಗು, ಇಂಜೆಕ್ಟರು, ಸೆನ್ಸರು ಎಂದು ಒಂದೊಂದೇ ಬದಲಾಗಿ ಹಣ ಕರಗಿದ ಮೇಲೆ ಯಾರೋ ಕವರ್ ಬಿಚ್ಚಿ ‘ಟೈಮಿಂಗ್ ಔಟ್’ ಎನ್ನುತ್ತಾರೆ. ಬೆಲ್ಟ್ ತಾನಾಗಿ ಜಾರುವುದೂ ಅಪರೂಪ. ಬಿಗಿ ಕಾಯುವ ಟೆನ್ಷನರ್ ಸೋತಿರುತ್ತದೆ, ನೀರಿನ ಪಂಪಿನ ಬೇರಿಂಗ್ ಹಿಡಿದಿರುತ್ತದೆ, ಇಲ್ಲವೇ ಆಯಿಲ್ ಸೀಲ್ ಸೋರಿ ರಬ್ಬರ್ ಮೆತ್ತಗಾಗಿರುತ್ತದೆ. ಇವನ್ನು ನೋಡದೆ ಬರೀ ಬೆಲ್ಟ್ ಬದಲಿಸಿದರೆ ಅದೇ ಗಾಡಿ ಮತ್ತೆ ಬಾಗಿಲಿಗೆ ಬರುತ್ತದೆ.

ಪಿಸ್ಟನ್ ತುದಿಗೇರಿದಾಗಲೂ ತೆರೆದ ವಾಲ್ವ್‌ಗೆ ಜಾಗ ಉಳಿಯುವ ಎಂಜಿನ್ ಆದರೆ ಅದೃಷ್ಟ: ಗುರುತು ಕೂಡಿಸಿ ಹೊಸ ಬೆಲ್ಟ್ ಹಾಕಿದರೆ ಮುಗಿಯಿತು. ಡೀಸೆಲ್‌ಗಳಲ್ಲಿ ಆ ಅದೃಷ್ಟವಿಲ್ಲ. 2012ರಲ್ಲಿ ಭಾರತಕ್ಕೆ ಬಂದ ಡಸ್ಟರ್ ಕಾರಿನ 1461 ಸಿಸಿ ಡೀಸೆಲ್ ಎಂಜಿನ್ನನ್ನೇ ನೋಡಿ. ಒತ್ತಡ ಹೆಚ್ಚಬೇಕೆಂದು ಪಿಸ್ಟನ್, ಸಿಲಿಂಡರುಗಳ ಮುಚ್ಚಳವಾದ ಹೆಡ್ಡಿಗೆ ತೀರಾ ಹತ್ತಿರ ಬರುತ್ತದೆ. ಎಂಟು ವಾಲ್ವ್‌ಗಳು ಪಿಸ್ಟನ್ನುಗಳ ನೆತ್ತಿಗೆ ನೇರವಾಗಿ ನಿಂತಿರುತ್ತವೆ. ಟೈಮಿಂಗ್ ಸಾಕಷ್ಟು ತಪ್ಪಿದರೆ ಡಿಕ್ಕಿ ಖಂಡಿತ.

ಹಾಗೆಂದು ಕೂಡಲೇ ಹೆಡ್ ಇಳಿಸುವುದು ಒಳ್ಳೆಯ ಕಸುಬಲ್ಲ. ಎಂಜಿನ್ನನ್ನು ಸ್ಪ್ಯಾನರಿನಿಂದ ಕೈಯಲ್ಲೇ ನಿಧಾನ ತಿರುಗಿಸಿ, ತಡೆ ಸಿಕ್ಕಿದರೆ ಅಲ್ಲಿಗೇ ನಿಲ್ಲಿಸಬೇಕು. ಟೈಮಿಂಗ್ ಸರಿಮಾಡಿಕೊಂಡು ಒಂದೊಂದು ಸಿಲಿಂಡರಿಗೂ ಗಾಳಿ ತುಂಬಿ ಸೋರಿಕೆ ಕೇಳಬೇಕು. ಏರ್ ಫಿಲ್ಟರ್ ಕಡೆ ಸುಯ್ ಎಂದರೆ ಒಳಬರುವ ವಾಲ್ವ್ ಬಗ್ಗಿದೆ, ಸೈಲೆನ್ಸರ್ ಕಡೆಯಾದರೆ ಹೊರಹೋಗುವ ವಾಲ್ವ್. ಆಯಿಲ್ ಹಾಕುವ ಬಾಯಲ್ಲಿ ಜೋರಾಗಿ ಬಂದರೆ ಪಿಸ್ಟನ್, ರಿಂಗುಗಳ ಕಡೆಯೂ ಕಣ್ಣು ಹಾಯಿಸಬೇಕು.

ವಾಲ್ವ್ ಬಗ್ಗಿದ್ದು ಖಚಿತವಾದರೆ ಹೆಡ್ ಇಳಿಸಲೇಬೇಕು. ಬೋಲ್ಟುಗಳನ್ನು ಅಂಚಿನಿಂದ ನಡುವಿಗೆ ಸಡಿಲಿಸುತ್ತ ಬರಬೇಕು, ಕೂರಿಸುವಾಗ ನಡುವಿನಿಂದ ಅಂಚಿಗೆ. ಇಳಿದ ಹೆಡ್ಡಿನ ಕೆಲಸವೆಲ್ಲ ಲೇತ್ ಅಂಗಡಿಯದು. ಸ್ಪ್ರಿಂಗ್ ಒತ್ತಿ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಲಾಕುಗಳನ್ನು ತೆಗೆದು, ವಾಲ್ವ್‌ಗಳನ್ನು ಎಳೆದು ಗಾಜಿನ ಮೇಲೆ ಉರುಳಿಸುತ್ತಾರೆ. ಕಣ್ಣಿಗೆ ನೇರವಾಗಿ ಕಂಡದ್ದೂ ಅಲ್ಲಿ ತತ್ತರಿಸಿಬಿಡುತ್ತದೆ. ಬಗ್ಗಿದ ವಾಲ್ವ್ ತಟ್ಟಿ ನೇರ ಮಾಡುವಂಥದ್ದಲ್ಲ. ಅದರ ಜಾಗ ಗುಜರಿ. ವಾಲ್ವ್ ಓಡಾಡುವ ಗೈಡ್ ಬಿರುಕು ಬಿಟ್ಟಿದೆಯೇ ನೋಡಿ, ಅದು ಕೂರುವ ಸೀಟನ್ನು ಕತ್ತರಿಸಿ, ಹೊಸ ವಾಲ್ವ್‌ಗೆ ಕಾರ್ಬೊರಂಡಮ್ ಪೇಸ್ಟ್ ಹಚ್ಚಿ, ರಬ್ಬರ್ ಬಟ್ಟಲಿನ ಕೋಲನ್ನು ಎರಡೂ ಅಂಗೈ ನಡುವೆ ಉಜ್ಜುತ್ತಾರೆ. ಸುತ್ತಲೂ ಒಂದೇ ಅಗಲದ ಬೂದು ಉಂಗುರ ಮೂಡಿದರೆ ವಾಲ್ವ್ ‘ಕೂತಿತು’. ನಂಬಿಕೆ ಸಾಲದವರು ಪೋರ್ಟಿಗೆ ಸೀಮೆಎಣ್ಣೆ ಸುರಿದು ಒಸರುತ್ತದೆಯೇ ಎಂದು ಕಾಯುತ್ತಾರೆ. ನಂಬಿಕೆ ಸಾಲದವರೇ ಮೇಲು!

ಇಲ್ಲೊಂದು ಎಚ್ಚರ. ಹೆಡ್ ಬಂತೆಂದರೆ ಕೇಳದೆಯೇ ಅದರ ತಳ ಸವೆಸಿ ‘ಫೇಸಿಂಗ್’ ಹೊಡೆಯುವ ಅಂಗಡಿಗಳಿವೆ. ಡೀಸೆಲ್ ಹೆಡ್ಡನ್ನು ಸವೆಸಿದಷ್ಟೂ ವಾಲ್ವ್ ಪಿಸ್ಟನ್ನಿಗೆ ಇನ್ನಷ್ಟು ಹತ್ತಿರವಾಗುತ್ತದೆ. ಕೆಲವು ತಯಾರಕರು ಅದನ್ನು ನಿಷೇಧಿಸಿಯೇ ಇದ್ದಾರೆ.

ಜೋಡಣೆಯಲ್ಲಿ ಹೊಸ ಗ್ಯಾಸ್ಕೆಟ್, ಹೊಸ ಹೆಡ್ ಬೋಲ್ಟ್. ಈಗಿನ ಬಹುಪಾಲು ಬೋಲ್ಟುಗಳು ಬಿಗಿಯುವಾಗ ಹಿಗ್ಗುವಂಥವು. ಟಾರ್ಕ್ ಕೊಟ್ಟು ಮೇಲಿಂದ ಡಿಗ್ರಿ ಲೆಕ್ಕದಲ್ಲಿ ತಿರುಗಿಸುತ್ತಾರೆ. ಡಸ್ಟರ್ ಎಂಜಿನ್ನಿಗೆ ಕ್ರ್ಯಾಂಕ್, ಕ್ಯಾಮ್ ಎರಡಕ್ಕೂ ಪಿನ್ ತೂರಿಸಿ ಬೆಲ್ಟ್ ಹಾಕುವ ಕ್ರಮವಿದೆ, ಬಿಳಿ ಬಣ್ಣದ ಗುರುತು ನಂಬಿ ಕೂರಿಸಿದರೆ ಸಾಲದು. ಆಮೇಲೆ ಪಿನ್ ತೆಗೆದು, ಕೈಯಿಂದಲೇ ಎರಡು ಪೂರ್ತಿ ಸುತ್ತು ತಿರುಗಿಸಿ, ಪಿನ್ನುಗಳು ಮತ್ತೆ ಸಲೀಸಾಗಿ ಇಳಿದರೆ ಮಾತ್ರ ಸೆಲ್ಫ್.

ಬೆಂಗಳೂರಿನಲ್ಲಿ ಹೊಸ ಬಿಡಿಭಾಗಕ್ಕೆ ಜೆ.ಸಿ. ರಸ್ತೆ, ಹಳೆಯದಕ್ಕೆ ಶಿವಾಜಿನಗರದ ಗುಜರಿ ಗಲ್ಲಿಗಳು. ಪಿಸ್ಟನ್ ಒಡೆದು ಕನೆಕ್ಟಿಂಗ್ ರಾಡೂ ಬಗ್ಗಿದ್ದರೆ, ರಿಪೇರಿಗಿಂತ ಹಳೆಯ ಎಂಜಿನ್ನನ್ನೇ ತಂದು ಕೂರಿಸೋಣ ಎಂಬ ಮಾತು ಬರುತ್ತದೆ. ಹಣದ ಲೆಕ್ಕದಲ್ಲಿ ತಪ್ಪೇನಿಲ್ಲ. ಆದರೆ ಎಂಜಿನ್ ನಂಬರ್ ಇರುವುದು ಬ್ಲಾಕಿನ ಮೇಲೆ. ಹೆಡ್ ಬದಲಾದರೆ ಆ ನಂಬರಿಗೆ ಏನೂ ಆಗುವುದಿಲ್ಲ. ಬ್ಲಾಕ್ ಬದಲಾದರೆ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ನಮೂದಿಸಬೇಕು. ಇದನ್ನು ಹಣ ಕೊಡುವ ಮೊದಲೇ ಹೇಳುವ ಗ್ಯಾರೇಜು ಸಿಕ್ಕರೆ ಅಲ್ಲೇ ಗಾಡಿ ಬಿಡಬಹುದು.