ದಿನಕ್ಕೊಂದು ಟ್ಯಾರೋ ಕಾರ್ಡ್: ಭವಿಷ್ಯ ಕೇಳದೆ ನೋಡೋದು ಹೇಗೆ?

ಪ್ಲೇಸ್‌ಮೆಂಟ್ ಸೀಸನ್ ಬಂತು ಅಂದ್ರೆ ಹಾಸ್ಟೆಲ್‌ನಲ್ಲಿ ಎರಡು ಥರದ ವಿಡಿಯೋ ಓಡುತ್ತವೆ. ಒಂದು ಆಪ್ಟಿಟ್ಯೂಡ್ ಟ್ರಿಕ್ಸ್. ಇನ್ನೊಂದು, "ಮೂರರಲ್ಲಿ ಒಂದು ಕಾರ್ಡ್ ಆರಿಸಿ, ಮುಂದಿನ ತಿಂಗಳು ಹೇಗಿದೆ ನೋಡಿ" ಅನ್ನುವ ಟ್ಯಾರೋ ರೀಲ್. ನೋಡಿ ನಗುವವರೂ ಮನಸ್ಸಿನಲ್ಲೇ ಒಂದು ಕಾರ್ಡ್ ಆರಿಸಿರುತ್ತಾರೆ!

ಟ್ಯಾರೋ ಹುಟ್ಟಿದ್ದು ಭವಿಷ್ಯ ಹೇಳೋದಕ್ಕಲ್ಲ, ಆಡೋದಕ್ಕೆ. 15ನೇ ಶತಮಾನದಲ್ಲಿ ಉತ್ತರ ಇಟಲಿಯವರು ಅದನ್ನು ನಮ್ಮ ಇಸ್ಪೀಟಿನ ಹಾಗೆ ಆಡುತ್ತಿದ್ದರು. 1781ರಲ್ಲಿ ಫ್ರಾನ್ಸಿನ ಕೂರ್ ದ ಜೆಬ್ಲಾಂ ಎಂಬ ವಿದ್ವಾಂಸ, ಇದು ಪ್ರಾಚೀನ ಈಜಿಪ್ಟಿನ ಗುಪ್ತಜ್ಞಾನ ಅಂತ ಆಧಾರವಿಲ್ಲದೆ ಬರೆದ. ಭವಿಷ್ಯದ ನಂಟು ಗಟ್ಟಿಯಾದದ್ದು ಆಮೇಲೆ. ಇವತ್ತು ಹೆಚ್ಚಾಗಿ ಕಾಣುವ ಚಿತ್ರಗಳು 1909ರ ಲಂಡನ್‌ನವು. ಯೋಜನೆ ಎ. ಇ. ವೇಟ್ ಅವರದು, ಚಿತ್ರ ಬರೆದದ್ದು ಪಮೇಲಾ ಕೋಲ್ಮನ್ ಸ್ಮಿತ್. ಆದರೆ ಬಹುಕಾಲ ಡೆಕ್ಕಿಗೆ ಅಂಟಿಕೊಂಡಿದ್ದು ಪ್ರಕಾಶಕ ರೈಡರ್ ಮತ್ತು ವೇಟ್ ಹೆಸರು ಮಾತ್ರ, ಕೈನೋಯಿಸಿಕೊಂಡವರ ಹೆಸರಲ್ಲ. (ಗ್ರೂಪ್ ಪ್ರಾಜೆಕ್ಟ್ ಮಾಡಿದವರಿಗೆ ಈ ನೋವು ಗೊತ್ತು.) ಟ್ಯಾರೋದಲ್ಲಿ ಒಟ್ಟು 78 ಕಾರ್ಡ್. ಒರಾಕಲ್ ಕಾರ್ಡ್‌ಗಳಿಗೆ ಇಂಥ ಲೆಕ್ಕವಿಲ್ಲ, ಮಾಡಿದವರು ಎಷ್ಟು ಮಾಡಿದರೆ ಅಷ್ಟು.

ಹಾಗಾದ್ರೆ "ನನಗೇ ಹೇಳಿದ ಹಾಗಿದೆ" ಅಂತ ಯಾಕೆ ಅನಿಸುತ್ತೆ? 1948ರಲ್ಲಿ ಮನಶ್ಶಾಸ್ತ್ರಜ್ಞ ಬರ್ಟ್ರಂ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, "ಇದು ನಿಮ್ಮ ವ್ಯಕ್ತಿತ್ವ" ಅಂತ ಫಲಿತಾಂಶ ಹಂಚಿದ. ಎಷ್ಟು ಸರಿ ಅಂದರೆ, 5ಕ್ಕೆ ಸರಾಸರಿ 4.26 ಅಂಕ ಬಂತು. ಅಸಲಿಗೆ ಎಲ್ಲರಿಗೂ ಕೊಟ್ಟಿದ್ದು ಒಂದೇ ಬರಹ. ಯಾರಿಗಾದರೂ ಹೊಂದುವ ಮಾತನ್ನು ನಮ್ಮ ಬದುಕಿನ ವಿವರ ತುಂಬಿ ನಾವೇ ನಮ್ಮದಾಗಿಸಿಕೊಳ್ಳುತ್ತೇವೆ.

ನನಗೆ ಕುತೂಹಲ ಹುಟ್ಟಿಸುವುದು ಈ ತುಂಬುವ ಕೆಲಸವೇ. "ಫೋರ್ ಆಫ್ ಕಪ್ಸ್" ಕಾರ್ಡ್ ತಗೊಳ್ಳಿ. ಮರದ ಕೆಳಗೆ ಒಬ್ಬ ಕೈಕಟ್ಟಿ ಕೂತಿದ್ದಾನೆ. ಮುಂದೆ ಮೂರು ಬಟ್ಟಲು. ಮೋಡದಿಂದ ಒಂದು ಕೈ ನಾಲ್ಕನೆಯದನ್ನು ಚಾಚುತ್ತಿದೆ, ಅವನು ನೋಡುತ್ತಿಲ್ಲ. ಇದನ್ನು ನೋಡಿ ಒಬ್ಬರಿಗೆ ತೆಗೆಯದೆ ಬಿಟ್ಟ ಅಮ್ಮನ ಫೋನ್ ನೆನಪಾಗಬಹುದು. ಇನ್ನೊಬ್ಬರಿಗೆ, ಬೇಡದ ಆಫರ್‌ಗೆ ಎಲ್ಲರೂ ಸೇರಿ "ಹೂಂ ಅನ್ನು" ಅಂತ ಒತ್ತಾಯಿಸಿದ್ದು. ಕಾರ್ಡ್ ಒಂದೇ, ಹೊರಬಂದದ್ದು ಬೇರೆ. ಆ ನೆನಪನ್ನು ಡೈರಿಯಲ್ಲಿ ನಾಲ್ಕು ಸಾಲು ಬರೆದರೆ ಅವತ್ತಿನ ಕೆಲಸ ಮುಗೀತು. ಪುಸ್ತಕದಲ್ಲಿ ಕೊಟ್ಟಿರುವ ಅರ್ಥವನ್ನು ಆಮೇಲೆ ಬೇಕಾದರೆ ನೋಡಿ. ಮೊದಲೇ ನೋಡಿದರೆ ನಿಮ್ಮ ಮಾತು ಹೊರಗೆ ಬರೋದೇ ಇಲ್ಲ.

ಎಡವಟ್ಟು ಶುರುವಾಗೋದು "ಸೆಲೆಕ್ಟ್ ಆಗ್ತೀನಾ?" ಅಂತ ಕೇಳಿದಾಗ. ಎದೆಗೆ ಮೂರು ಕತ್ತಿ ನೆಟ್ಟ "ತ್ರೀ ಆಫ್ ಸ್ವೋರ್ಡ್ಸ್" ಬಂತು ಅಂತ ಇಂಟರ್‌ವ್ಯೂಗೇ ಹೋಗದಿದ್ದರೆ, ಆ ಕೆಲಸ ಕಳೆದದ್ದು ಕಾರ್ಡಲ್ಲ. ಒಳ್ಳೆಯದು ಬರುವವರೆಗೂ ಮತ್ತೆ ಮತ್ತೆ ಎಳೆಯೋದು, ಉತ್ತರಕ್ಕಾಗಿ ಆನ್‌ಲೈನ್‌ನಲ್ಲಿ ದುಡ್ಡು ಕಟ್ಟೋದು, ಎಲ್ಲ ಅದೇ ದಾರಿ.

"ಅದೇ ಕಾರ್ಡ್ ಮತ್ತೆ ಬಂತು, ಏನೋ ಸೂಚನೆ" ಅನ್ನುವವರಿಗೆ ನಮ್ಮ ಬರ್ತ್‌ಡೇ ಪ್ರಾಬ್ಲಂ ಇದೆ. ದಿನಾ 78ನ್ನೂ ಕಲೆಸಿ ಒಂದು ತೆಗೆದರೆ, 11 ದಿನದೊಳಗೆ ಯಾವುದಾದರೂ ಒಂದು ಕಾರ್ಡ್ ಮರಳಿ ಬರುವ ಸಾಧ್ಯತೆ ಸುಮಾರು 52%. 30 ದಿನಕ್ಕೆ 99% ದಾಟುತ್ತದೆ. ಹ್ಯಾಶ್ ಕೊಲಿಷನ್ ಓದಿದವರು ಬೆರಗಾಗಬಾರದು.

ಡೆಕ್ ಕೊಳ್ಳಲೇಬೇಕು ಅಂತೇನಿಲ್ಲ. 1909ರ ಚಿತ್ರಗಳು ನೆಟ್‌ನಲ್ಲಿ ಸಿಗುತ್ತವೆ. 1ರಿಂದ 78ರವರೆಗೆ ನಂಬರ್ ಕೊಟ್ಟು, ಪೈಥಾನ್‌ನಲ್ಲಿ ಎರಡು ಸಾಲು ಬರೆದು ದಿನಕ್ಕೊಂದು ಆರಿಸಿಕೊಳ್ಳಿ. ಒಂದೇ ಸಲ ರನ್ ಮಾಡಿ, ಅಷ್ಟೇ.